ನಿವೃತ್ತಿಯ ಹೊಸ್ತಿಲಲ್ಲಿ ಆರೋಗ್ಯ ವಿಮೆ: ವರ್ತಕರು ಮೊದಲೇ ಮಾಡಬೇಕಾದ ಲೆಕ್ಕ

ಸರ್ಕಾರಿ ನೌಕರರಿಗೆ ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿರುತ್ತದೆ. ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಅಡತಿ ಅಂಗಡಿ ನಡೆಸುವವರಿಗಾಗಲಿ, ಗೋಕುಲ ರಸ್ತೆ ಅಥವಾ ತಾರಿಹಾಳದಲ್ಲಿ ಸಣ್ಣ ಘಟಕ ಹೊಂದಿರುವವರಿಗಾಗಲಿ ಅಂತಹ ದಿನಾಂಕವಿಲ್ಲ. ಮಗ ಅಂಗಡಿಗೆ ಬರಲಾರಂಭಿಸುತ್ತಾನೆ. ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಅವನಿಗೆ ದೊರೆಯುತ್ತದೆ. ಕೆಲವು ವರ್ಷಗಳ ನಂತರ ಪಾಲುದಾರಿಕೆ ಪತ್ರ ಬದಲಾಗುತ್ತದೆ. ಹಿರಿಯರು ಗಾದಿಯ ಮೇಲೆ ಕುಳಿತೇ ಇರುತ್ತಾರೆ, ಕಾಗದಪತ್ರಗಳಲ್ಲಿ ಮಾತ್ರ ನಿವೃತ್ತರಾಗಿರುತ್ತಾರೆ. ಈ ಹಂತದಲ್ಲಿ ಬ್ಯಾಂಕ್ ಸಾಲ, ಜಿಎಸ್‌ಟಿ ನೋಂದಣಿ, ಆಸ್ತಿಯ ಹಂಚಿಕೆ ಎಲ್ಲವೂ ಚರ್ಚೆಗೆ ಬರುತ್ತವೆ. ಸಂಸ್ಥೆಯ ಹೆಸರಿನಲ್ಲಿರುವ ಗುಂಪು ಆರೋಗ್ಯ ವಿಮೆಯಿಂದ ಹಿರಿಯರ ಹೆಸರು ಯಾವ ದಿನ ಹೊರಬೀಳುತ್ತದೆ ಎಂದು ಕೇಳುವವರು ಮಾತ್ರ ವಿರಳ.

ಈ ಪ್ರಶ್ನೆಯನ್ನು ಮರೆತರೆ ಆಗುವ ನಷ್ಟ ಹಿರಿಯರೊಬ್ಬರದೇ ಅಲ್ಲ. ವ್ಯಾಪಾರಿ ಕುಟುಂಬದಲ್ಲಿ ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ನಡುವಿನ ಗೆರೆ ತೆಳುವಾದುದು. ಆಸ್ಪತ್ರೆಯ ಬಿಲ್ಲು ಎಂಟು-ಹತ್ತು ಲಕ್ಷ ರೂಪಾಯಿ ತಲುಪಿದಾಗ ಅದನ್ನು ಭರಿಸುವುದು ದುಡಿಯುವ ಬಂಡವಾಳವೇ. ಹಂಗಾಮಿನಲ್ಲಿ ಹತ್ತಿ, ಮೆಣಸಿನಕಾಯಿ ಖರೀದಿಗೆ ಬೇಕಾದ ಹಣ ಆಸ್ಪತ್ರೆಗೆ ಹೋದರೆ ಆ ವರ್ಷದ ವಹಿವಾಟೇ ಕುಂಠಿತವಾಗುತ್ತದೆ. ಆದ್ದರಿಂದ ಹಿರಿಯರ ಆರೋಗ್ಯ ವಿಮೆಯನ್ನು ಮನೆಯ ಖರ್ಚೆಂದು ನೋಡುವುದಕ್ಕಿಂತ, ವ್ಯಾಪಾರದ ಬಂಡವಾಳಕ್ಕೆ ಹಾಕಿದ ಬೇಲಿಯೆಂದು ನೋಡುವುದು ಯುಕ್ತ.

ಹಳೆಯ ಪಾಲಿಸಿಯ ಬೆಲೆ

ನಮ್ಮ ದೇಶದಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ಪಾಲಿಸಿಯನ್ನು ಆರಂಭಿಸಿದ್ದು 1986ರಲ್ಲಿ. ಅವಳಿ ನಗರದ ಅನೇಕ ವ್ಯಾಪಾರಿ ಮನೆಗಳಲ್ಲಿ ಎರಡು ಅಥವಾ ಮೂರು ಲಕ್ಷ ರೂಪಾಯಿಗಳ ಹಳೆಯ ಪಾಲಿಸಿಗಳು ಇಂದಿಗೂ ನವೀಕರಣಗೊಳ್ಳುತ್ತಿವೆ. ಮೊತ್ತ ಸಣ್ಣದೆಂದು ಬೇಸತ್ತು ಅದನ್ನು ಬಿಟ್ಟು, ಏಜೆಂಟರು ತೋರಿಸಿದ ಹೊಸ ಪಾಲಿಸಿಗೆ ಹೋಗುವವರಿದ್ದಾರೆ. ಬಹುತೇಕ ಸಂದರ್ಭಗಳಲ್ಲಿ ಇದು ತಪ್ಪು ನಿರ್ಧಾರ.

ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಈ ಅವಧಿಯ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಸತತ 60 ತಿಂಗಳು ಪಾಲಿಸಿ ಜಾರಿಯಲ್ಲಿದ್ದರೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ; ಮೊದಲು ಈ ಅವಧಿ 8 ವರ್ಷಗಳಷ್ಟಿತ್ತು. ಹಳೆಯ ಪಾಲಿಸಿ ಈ ಎರಡೂ ಗಡಿಗಳನ್ನು ದಾಟಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಅರವತ್ತರ ವ್ಯಕ್ತಿಗೆ ಇದಕ್ಕಿಂತ ದೊಡ್ಡ ಗಳಿಕೆಯಿಲ್ಲ. ಅದನ್ನು ಕೈಬಿಟ್ಟರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಕಂಪನಿಯ ಸೇವೆ ತೃಪ್ತಿಕರವಾಗಿಲ್ಲದಿದ್ದರೆ 2011ರಿಂದ ಜಾರಿಯಲ್ಲಿರುವ ಪೋರ್ಟಬಿಲಿಟಿ ಸೌಲಭ್ಯದಡಿ, ಕಳೆದ ವರ್ಷಗಳ ಹಕ್ಕನ್ನು ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗಲು ಅರ್ಜಿ ಹಾಕಬಹುದು. ಅದಕ್ಕೆ ನವೀಕರಣದ ದಿನಾಂಕಕ್ಕಿಂತ ಒಂದೂವರೆ ತಿಂಗಳಾದರೂ ಮುಂಚೆ ಹೆಜ್ಜೆಯಿಡಬೇಕು.

ಹೊಸಬರ ಪ್ರವೇಶಕ್ಕೆ ಹಿಂದೆ ಇದ್ದ 65 ವರ್ಷಗಳ ಮಿತಿ 2024ರ ಏಪ್ರಿಲ್ 1ರಿಂದ ಇಲ್ಲವಾಗಿದೆ. ಆದರೂ ಆರೋಗ್ಯ ತಪಾಸಣೆ ನಡೆಸಿ ಪ್ರಸ್ತಾವವನ್ನು ಒಪ್ಪುವುದು ಅಥವಾ ನಿರಾಕರಿಸುವುದು ಕಂಪನಿಯ ವಿವೇಚನೆಗೆ ಬಿಟ್ಟದ್ದು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಜಾಗ ಖಾಲಿ ಇದೆಯೆಂದು ಅರ್ಥವಲ್ಲ.

ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್

ಹಳೆಯ ಪಾಲಿಸಿಯನ್ನು ಉಳಿಸಿಕೊಂಡು ರಕ್ಷೆಯನ್ನು ಹೆಚ್ಚಿಸುವ ದಾರಿಯೇ ಪೂರಕ ಪಾಲಿಸಿ. ನಿಗದಿತ ಮಿತಿಯವರೆಗಿನ ವೆಚ್ಚವನ್ನು ಇದು ಭರಿಸುವುದಿಲ್ಲ. ಆ ಮಿತಿಯನ್ನು ಮೀರಿದ ಮೊತ್ತವನ್ನಷ್ಟೇ ಭರಿಸುತ್ತದೆ. ಈ ಮಿತಿಗೆ ಡಿಡಕ್ಟಿಬಲ್ ಎಂದು ಹೆಸರು. ಸಣ್ಣ ಬಿಲ್ಲುಗಳ ಹೊರೆ ಇಲ್ಲದಿರುವುದರಿಂದ ಕಂತು ಅದೇ ಮೊತ್ತದ ಮೂಲ ಪಾಲಿಸಿಗಿಂತ ಸಾಕಷ್ಟು ಕಡಿಮೆ.

ಇದರಲ್ಲಿ ಎರಡು ಬಗೆಗಳಿವೆ. ಹೆಸರಿನಲ್ಲಿ ಒಂದೇ ಪದದ ಅಂತರವಿದ್ದರೂ ಫಲದಲ್ಲಿ ಬಹಳ ಅಂತರವಿದೆ. ಒಬ್ಬ ವರ್ತಕರಿಗೆ 5 ಲಕ್ಷ ರೂಪಾಯಿಗಳ ಮೂಲ ಪಾಲಿಸಿಯೂ, 5 ಲಕ್ಷದ ಡಿಡಕ್ಟಿಬಲ್ ಇರುವ 20 ಲಕ್ಷದ ಪೂರಕ ಪಾಲಿಸಿಯೂ ಇದೆಯೆಂದು ಭಾವಿಸಬಹುದು. ಒಂದೇ ವರ್ಷದಲ್ಲಿ ಎರಡು ಬಾರಿ ಆಸ್ಪತ್ರೆ ಸೇರಿ, ಪ್ರತಿ ಬಾರಿಯೂ 4 ಲಕ್ಷ ರೂಪಾಯಿ ಬಿಲ್ಲಾಯಿತು. ಮೂಲ ಪಾಲಿಸಿಯಿಂದ ಮೊದಲ ಬಾರಿ 4 ಲಕ್ಷ, ಎರಡನೆಯ ಬಾರಿ ಉಳಿದ 1 ಲಕ್ಷ ದೊರೆಯುತ್ತದೆ. ಇನ್ನುಳಿದ 3 ಲಕ್ಷಕ್ಕೆ ಸಾಮಾನ್ಯ ಟಾಪ್-ಅಪ್‌ನಿಂದ ಒಂದು ರೂಪಾಯಿಯೂ ಬಾರದು. ಏಕೆಂದರೆ ಅದು ಪ್ರತಿ ಬಿಲ್ಲನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ, ಯಾವ ಬಿಲ್ಲೂ ತಾನಾಗಿ 5 ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ಇಡೀ ವರ್ಷದ ವೆಚ್ಚವನ್ನು ಕೂಡಿಸಿ ನೋಡುತ್ತದೆ. ಒಟ್ಟು 8 ಲಕ್ಷದಲ್ಲಿ 5 ಲಕ್ಷ ಕಳೆದು 3 ಲಕ್ಷವನ್ನು ನೀಡುತ್ತದೆ. ಪದೇ ಪದೇ ಆಸ್ಪತ್ರೆಗೆ ಹೋಗಬೇಕಾಗಿ ಬರುವ ಇಳಿವಯಸ್ಸಿನಲ್ಲಿ ಸೂಪರ್ ಟಾಪ್-ಅಪ್ ಆಯ್ಕೆಯೇ ಸೂಕ್ತ.

ಆದರೆ ಪೂರಕ ಪಾಲಿಸಿಗೂ ತನ್ನದೇ ಆದ ಕಾಯುವ ಅವಧಿ ಉಂಟು. ಆದ್ದರಿಂದ ಅದನ್ನು ಖರೀದಿಸಬೇಕಾದುದು ನಿವೃತ್ತಿಯ ನಂತರವಲ್ಲ, 55-57ರ ವಯಸ್ಸಿನಲ್ಲಿ. ಪಾಲುದಾರಿಕೆಯಿಂದ ಹೊರಬರುವ ವೇಳೆಗೆ ಆ ಅವಧಿ ಮುಗಿದಿರುತ್ತದೆ. ಸಂಸ್ಥೆಯ ಗುಂಪು ವಿಮೆಯನ್ನೇ ಮೂಲ ಪಾಲಿಸಿಯೆಂದು ನಂಬಿ ಪೂರಕ ಪಾಲಿಸಿ ಪಡೆದವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಗುಂಪಿನಿಂದ ಹೆಸರು ಹೊರಬಿದ್ದ ದಿನ ಡಿಡಕ್ಟಿಬಲ್ ಮಾತ್ರ ಹಾಗೆಯೇ ಉಳಿಯುತ್ತದೆ. ಮೊದಲ 5 ಲಕ್ಷಕ್ಕೆ ಯಾವ ರಕ್ಷೆಯೂ ಇರುವುದಿಲ್ಲ. ಪಾಲುದಾರಿಕೆ ಪತ್ರ ತಿದ್ದುವ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೋರಿ ಲಿಖಿತ ಅರ್ಜಿ ಸಲ್ಲಿಸುವುದು ಇದಕ್ಕೆ ಪರಿಹಾರ.

ಷರತ್ತುಗಳ ಒಳಹೊಕ್ಕು

ವಿಮಾ ಮೊತ್ತ ಎಷ್ಟೇ ಇದ್ದರೂ ಕೈಗೆ ಬರುವ ಹಣವನ್ನು ನಿರ್ಧರಿಸುವುದು ಷರತ್ತುಗಳು. ಅವುಗಳಲ್ಲಿ ಕೋಣೆ ಬಾಡಿಗೆಯ ಮಿತಿ ಮುಖ್ಯವಾದುದು. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1ರ ಮಿತಿ ಇದ್ದರೆ 3,000 ರೂಪಾಯಿ ಬಾಡಿಗೆಯ ಕೋಣೆಗಷ್ಟೇ ಅವಕಾಶ. ರೋಗಿ 6,000 ರೂಪಾಯಿಯ ಕೋಣೆಯಲ್ಲಿ 5 ದಿನ ಇದ್ದರೆ 30,000ದ ಬಾಡಿಗೆಯಲ್ಲಿ 15,000 ಮಾತ್ರ ದೊರೆಯುತ್ತದೆ. ಕಡಿತ ಅಲ್ಲಿಗೇ ನಿಲ್ಲದು. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದ 1,50,000 ರೂಪಾಯಿಗಳಿಗೂ ಅದೇ ಪ್ರಮಾಣ ಅನ್ವಯಿಸಿ 75,000 ಮಾತ್ರ ಮಂಜೂರಾಗಬಹುದು. ಔಷಧ ಹಾಗೂ ದೇಹದಲ್ಲಿ ಅಳವಡಿಸುವ ಸಾಧನಗಳ 60,000 ರೂಪಾಯಿಗಳಿಗೆ ಈ ಕಡಿತವಿಲ್ಲ. ಒಟ್ಟು 2,40,000 ರೂಪಾಯಿಯ ಬಿಲ್ಲಿನಲ್ಲಿ ಬಂದದ್ದು 1,50,000. ದಿನಕ್ಕೆ 3,000ದ ಹೆಚ್ಚುವರಿ ಬಾಡಿಗೆಯ ಕೋಣೆ 90,000 ರೂಪಾಯಿಗಳ ಹೊರೆಯನ್ನು ತಂದಿತು.

ಎರಡನೆಯದು ಸಹಪಾವತಿ. ಹಿರಿಯ ನಾಗರಿಕರಿಗೆಂದೇ ರೂಪಿಸಿದ ಅನೇಕ ಪಾಲಿಸಿಗಳಲ್ಲಿ ಪ್ರತಿ ಬಿಲ್ಲಿನ ಒಂದು ಪಾಲನ್ನು ವಿಮಾದಾರರೇ ಭರಿಸಬೇಕು. ಶೇ. 20ರ ಸಹಪಾವತಿ ಇದ್ದರೆ 4 ಲಕ್ಷದ ಬಿಲ್ಲಿನಲ್ಲಿ 80,000 ರೂಪಾಯಿ ಕೈಯಿಂದ ಹೋಗುತ್ತದೆ. ಕಣ್ಣಿನ ಪೊರೆ, ಮೊಣಕಾಲು ಕೀಲು ಬದಲಾವಣೆಯಂತಹ ಚಿಕಿತ್ಸೆಗಳಿಗೆ ಉಪಮಿತಿ ಇದೆಯೇ ಎಂಬುದನ್ನೂ ಓದಿಕೊಳ್ಳಬೇಕು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಅವಕಾಶವಿದೆ. ಓದಲು ಇದೇ ಸಕಾಲ.

ನಗದುರಹಿತ ಚಿಕಿತ್ಸೆಯ ಜಾಲದಲ್ಲಿ ಹುಬ್ಬಳ್ಳಿ-ಧಾರವಾಡದ ಯಾವ ಆಸ್ಪತ್ರೆಗಳಿವೆ ಎಂಬುದನ್ನು ಮೊದಲು ನೋಡಿ, ನಂತರ ಬೆಳಗಾವಿ, ಬೆಂಗಳೂರುಗಳ ಪಟ್ಟಿಯನ್ನು ನೋಡುವುದು ಒಳಿತು. 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಮಂಜೂರಾತಿಗೆ 3 ಗಂಟೆಯೊಳಗೆ ಉತ್ತರ ನೀಡಬೇಕು.

ಪ್ರಸ್ತಾವದ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವುದು ಸ್ವಂತ ಹಣಕ್ಕೆ ತಾವೇ ತೋಡಿದ ಗುಂಡಿ. ಏಜೆಂಟರು ಅರ್ಜಿ ತುಂಬಿದರೂ ಸಹಿ ವಿಮಾದಾರರದು, ಹೊಣೆಯೂ ಅವರದೇ.

ಸರ್ಕಾರಿ ಯೋಜನೆಗಳ ಆಸರೆ

ಎಪ್ಪತ್ತು ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಚಿಕಿತ್ಸಾ ರಕ್ಷೆ ನೀಡುವ ಆಯುಷ್ಮಾನ್ ಭಾರತ್ ವಿಸ್ತರಣೆಗೆ ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ಖಾಸಗಿ ವಿಮೆ ಇದ್ದವರೂ ಇದಕ್ಕೆ ಅರ್ಹರು. ಆದರೆ ತಮಗೆ ಬೇಕಾದ ಆಸ್ಪತ್ರೆಯಲ್ಲಿ, ಬೇಕಾದ ಚಿಕಿತ್ಸೆಗೆ ಅದು ಅನ್ವಯಿಸುತ್ತದೆಯೇ ಎಂದು ವಿಚಾರಿಸದೆ ಖಾಸಗಿ ಪಾಲಿಸಿಯನ್ನು ಬಿಡಬಾರದು. ನಮ್ಮ ರಾಜ್ಯದ ಯಶಸ್ವಿನಿ ಯೋಜನೆಯ ಚರಿತ್ರೆ ಇಲ್ಲಿ ಪಾಠವಾಗಬೇಕು. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾಗಿ ದೇಶದ ಗಮನ ಸೆಳೆದ ಆ ಯೋಜನೆ 2018ರಲ್ಲಿ ನಿಂತಿತು. 2022-23ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ಬಳಿಕ ಮರುಜೀವ ಪಡೆಯಿತು. ನಡುವಿನ ವರ್ಷಗಳಲ್ಲಿ ಅದನ್ನೊಂದನ್ನೇ ನಂಬಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಸರ್ಕಾರಿ ಯೋಜನೆ ಊರುಗೋಲಾಗಲಿ, ಕಾಲು ನಮ್ಮದೇ ಇರಲಿ.

ಘಟಕಗಳ ಮಾಲೀಕರು ತಮ್ಮ ಕಾರ್ಮಿಕರ ಕಡೆಗೂ ಗಮನ ಹರಿಸಬೇಕು. ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ 5 ವರ್ಷ ಇದ್ದು ವಯೋನಿವೃತ್ತಿ ಹೊಂದುವವರು ಅಲ್ಪ ಶುಲ್ಕ ತುಂಬಿ ತಮಗೂ ಬಾಳಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಈ ಮಾತನ್ನು ತಿಳಿಸಲು ಮಾಲೀಕರಿಗೆ ಯಾವ ಖರ್ಚೂ ಇಲ್ಲ.

ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಕಂತಿಗೆ ಜಿಎಸ್‌ಟಿ ಇಲ್ಲ. ಅದಕ್ಕೂ ಮೊದಲು 30,000 ರೂಪಾಯಿ ಕಂತಿನ ಮೇಲೆ ಶೇ. 18ರಂತೆ 5,400 ರೂಪಾಯಿ ತೆರಬೇಕಿತ್ತು. ಗುಂಪು ಪಾಲಿಸಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿಗಳು ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಆದಾಯ ತೆರಿಗೆಯಲ್ಲಿ 80ಡಿ ಎಂದು ಪರಿಚಿತವಾದ ಕಡಿತವನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಮಿತಿ ಸಾಮಾನ್ಯವಾಗಿ 25,000 ರೂಪಾಯಿ, ಹಿರಿಯ ನಾಗರಿಕರಿಗೆ 50,000. ಅರವತ್ತೆರಡರ ವರ್ತಕರೊಬ್ಬರು ತಮ್ಮ ಹಾಗೂ ಎಂಬತ್ತೈದರ ತಾಯಿಯವರ ಕಂತು ತುಂಬಿದರೆ ಒಟ್ಟು 1 ಲಕ್ಷ ರೂಪಾಯಿವರೆಗೆ ಕಡಿತ ಪಡೆಯಬಹುದು. ವಿಮೆ ದೊರೆಯದ ಹಿರಿಯರ ಚಿಕಿತ್ಸಾ ವೆಚ್ಚಕ್ಕೂ 50,000ದವರೆಗೆ ಅವಕಾಶವಿದೆ. ಕಂತನ್ನು ರೋಖಿನಲ್ಲಿ ತುಂಬಿದರೆ ಈ ಲಾಭವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿಯೂ ಇಲ್ಲ. ವ್ಯಾಪಾರದ ಆದಾಯವುಳ್ಳವರು ಹಳೆಯ ಪದ್ಧತಿಯಿಂದ ಒಮ್ಮೆ ಹೊಸದಕ್ಕೆ ಮರಳಿದರೆ ಆ ಆದಾಯ ಇರುವವರೆಗೆ ಮತ್ತೆ ಹಿಂದಿರುಗಲಾಗದು. ನಿವೃತ್ತರಾಗಿ ಬಾಡಿಗೆ, ಬಡ್ಡಿಯಷ್ಟೇ ಉಳಿದವರು ಪ್ರತಿ ವರ್ಷವೂ ಲೆಕ್ಕ ಹಾಕಿ ಆಯ್ದುಕೊಳ್ಳಬಹುದು.

ಪಾಲುದಾರರ ಕಂತನ್ನು ಸಂಸ್ಥೆಯ ಖಾತೆಯಿಂದ ತುಂಬಿ ವ್ಯಾಪಾರದ ಖರ್ಚಿಗೆ ಬರೆಯುವ ರೂಢಿ ಸರಿಯಲ್ಲ. ಪಾಲುದಾರರು ನೌಕರರಲ್ಲ. ಅದನ್ನು ಅವರ ವೈಯಕ್ತಿಕ ಉಚಂತಿಗೆ ಖರ್ಚು ಹಾಕಿದರೆ ಮಾತ್ರ ಖತಾವಣಿಯೂ ಶುದ್ಧ, ಕಡಿತದ ಕೋರಿಕೆಯೂ ಶುದ್ಧ.

ಕೊನೆಯದಾಗಿ

ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರ ಮೊರೆ ಹೋಗಬಹುದು. ಅಲ್ಲಿ 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳ ವಿಚಾರಣೆ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವರ್ತಕರು ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವಾಗ ಹಳೆಯ ಬಾಕಿಗಳನ್ನು ಒಮ್ಮೆ ನೋಡುವ ಸಂಪ್ರದಾಯವಿದೆ. ಅಂದು ಪಾಲಿಸಿಯ ಕಡತವನ್ನೂ ತೆರೆದು ವಿಮಾ ಮೊತ್ತ, ಡಿಡಕ್ಟಿಬಲ್, ನವೀಕರಣದ ದಿನಾಂಕ ಈ ಮೂರನ್ನು ಮಗನಿಗೂ ಸೊಸೆಗೂ ತಿಳಿಸಿಡುವುದು ಲೇಸು. ವಾರ್ಷಿಕ ಕಂತಿಗೆ ದೊರೆಯುವ ರಿಯಾಯಿತಿ ಅವಧಿ 30 ದಿನ ಮಾತ್ರ. ಇಪ್ಪತ್ತು ವರ್ಷ ಕಾಪಾಡಿಕೊಂಡ ಹಕ್ಕು ಮರೆವಿನ ಒಂದು ತಿಂಗಳಲ್ಲಿ ಕೈತಪ್ಪಬಾರದು. ಅಂಗಡಿಯ ಬೀಗದ ಕೈ ಮಗನಿಗೆ ಒಪ್ಪಿಸುವ ದಿನ ಈ ಕಡತವೂ ಅದರ ಜೊತೆಗಿರಬೇಕು.