ತೊಡೆಯ ಮೇಲಿನ ಗಿಟಾರ್: ಹಣಕ್ಕೆ ಮಿತಿಯಿಲ್ಲದಿದ್ದರೆ ಏನೇನು ಕೊಳ್ಳಬಹುದು?

ಸಂಗೀತ ಕಲಿಯುವವರಲ್ಲಿ ಅನೇಕರಿಗೆ ಒಂದು ಅಭ್ಯಾಸವಿರುತ್ತದೆ. ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಎಂದಾದರೊಂದು ದಿನ ಕೊಳ್ಳಬೇಕಾದ ವಾದ್ಯಗಳ ಪಟ್ಟಿ ಬರೆದಿಟ್ಟುಕೊಳ್ಳುವುದು. ಆ ಪಟ್ಟಿಗೆ ಹಣದ ಮಿತಿ ಇರುವುದಿಲ್ಲ. ಇಂದು ನಾವೂ ಅಂಥದೊಂದು ಪಟ್ಟಿ ತಯಾರಿಸೋಣ. ವಾದ್ಯ: ಲ್ಯಾಪ್ ಸ್ಟೀಲ್ ಗಿಟಾರ್. ನಮ್ಮಲ್ಲಿ ಇದು 'ಹವಾಯಿಯನ್ ಗಿಟಾರ್' ಎಂಬ ಹೆಸರಿನಿಂದ ಹೆಚ್ಚು ಪರಿಚಿತ. ಆದರೆ ಒಂದು ನಿಯಮ ಇಟ್ಟುಕೊಳ್ಳೋಣ. ಪಟ್ಟಿಗೆ ಸೇರಿಸುವ ಪ್ರತಿಯೊಂದು ವಸ್ತುವೂ ನಾದಕ್ಕೆ ಏನು ಕೊಡುತ್ತದೆ ಎಂದು ಕೇಳಿಯೇ ಮುಂದೆ ಹೋಗಬೇಕು.

ಏನಿದು ವಾದ್ಯ?

ಸಾಮಾನ್ಯ ಗಿಟಾರನ್ನು ಎದೆಗೆ ಆನಿಸಿಕೊಂಡು, ಎಡಗೈ ಬೆರಳುಗಳಿಂದ ತಂತಿಯನ್ನು ಮೆಟ್ಟಿಲುಗಳಿಗೆ ಒತ್ತಿ ನುಡಿಸುತ್ತಾರೆ. ಲ್ಯಾಪ್ ಸ್ಟೀಲನ್ನು ತೊಡೆಯ ಮೇಲೆ ಅಂಗಾತ ಮಲಗಿಸುತ್ತಾರೆ. ತಂತಿಗಳು ಹಲಗೆಯಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಎಡಗೈಯಲ್ಲಿ ನುಣುಪಾದ ಉಕ್ಕಿನ ಸರಳೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ತಂತಿಯನ್ನು ಕೆಳಗೆ ಒತ್ತುವ ಪ್ರಶ್ನೆಯೇ ಇಲ್ಲ. ಸರಳು ಮುಟ್ಟಿದ ಕಡೆ ತಂತಿ ಕೊನೆಗೊಳ್ಳುತ್ತದೆ. ಉಳಿದ ಭಾಗ ಕಂಪಿಸುತ್ತದೆ. ಹಲಗೆಯ ಮೇಲಿನ ಗೆರೆಗಳು ಕಣ್ಣಿಗೆ ಗುರುತುಗಳು ಮಾತ್ರ. 'ಸ್ಟೀಲ್' ಎಂಬ ಹೆಸರು ಬಂದಿರುವುದು ಈ ಉಕ್ಕಿನ ಸರಳಿನಿಂದ.

ದಕ್ಷಿಣ ಭಾರತದ ಸಂಗೀತ ಕೇಳಿದವರಿಗೆ ಇದು ತೀರ ಹೊಸದೆನಿಸದು. ನಮ್ಮ ಗೋಟುವಾದ್ಯ, ಅಂದರೆ ಚಿತ್ರವೀಣೆಯಲ್ಲಿಯೂ ಮೆಟ್ಟಿಲುಗಳಿಲ್ಲ. ಅಲ್ಲಿಯೂ ತಂತಿಯ ಮೇಲೆ ಗಟ್ಟಿಯಾದ ಉರುಳೆಯನ್ನು ಜಾರಿಸಿಯೇ ಸ್ವರ ತೆಗೆಯುತ್ತಾರೆ.

ಉಕ್ಕಿನ ಗಿಟಾರ್ ಹುಟ್ಟಿದ್ದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ. 1874ರಲ್ಲಿ ಅಲ್ಲಿನ ಓವಾಹು ದ್ವೀಪದಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬಾತ ಶಾಲಾ ಬಾಲಕನಾಗಿದ್ದಾಗಲೇ ಈ ಪದ್ಧತಿಯನ್ನು ರೂಪಿಸಿದನೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. 1915ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಭಾರಿ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತಗಾರರನ್ನು ಲಕ್ಷಾಂತರ ಜನ ಕೇಳಿದರು. ಅಲ್ಲಿಂದ ಈ ನಾದ ದೇಶ ದೇಶಗಳಿಗೆ ಹಬ್ಬಿತು.

ಮೊದಲ ವಸ್ತು: ವಾದ್ಯ

ಈಗ ಥೈಲಿ ಬಿಚ್ಚೋಣ. ಯಾವ ವಾದ್ಯ ಕೊಳ್ಳುವುದು? ಇದಕ್ಕೆ ಉತ್ತರ ಸಿಗಬೇಕಾದರೆ ಆ ಕಾಲದ ವಾದಕರಿಗೆ ಎದುರಾದ ಒಂದು ತೊಂದರೆಯನ್ನು ತಿಳಿಯಬೇಕು. ಗಿಟಾರಿನ ಸದ್ದು ಸಣ್ಣದು. ದೊಡ್ಡ ಸಭಾಂಗಣದಲ್ಲಿ, ಹತ್ತಾರು ವಾದ್ಯಗಳ ನಡುವೆ ಅದು ಕೇಳಿಸುತ್ತಿರಲಿಲ್ಲ. ನಮ್ಮ ಪಟ್ಟಿಯ ಮೂರು ವಾದ್ಯಗಳು ಈ ಒಂದೇ ಸಮಸ್ಯೆಗೆ ದೊರೆತ ಮೂರು ಉತ್ತರಗಳು.

ಒಂದನೆಯದು, ಲಾಸ್ ಏಂಜಲೀಸ್‌ನಲ್ಲಿದ್ದ ಹರ್ಮನ್ ವೈಸನ್‌ಬಾರ್ನ್ ತಯಾರಿಸಿದ ಗಿಟಾರ್. ಇದಕ್ಕೆ ಹವಾಯಿಯ ಕೋಆ ಮರವನ್ನು ಬಳಸುತ್ತಿದ್ದರು. ಇದರ ಕತ್ತು ಕೂಡ ಒಳಗೆ ಟೊಳ್ಳು. ಹಾಗಾಗಿ ಒಳಗಿನ ಗಾಳಿಯ ಪ್ರಮಾಣ ಹೆಚ್ಚಿ, ನಾದ ತುಂಬಿ ಬರುತ್ತದೆ. ತಂತಿಯನ್ನು ಕತ್ತಿಗೆ ಒತ್ತುವ ಅಗತ್ಯವಿಲ್ಲದ್ದರಿಂದಲೇ ಇಂಥ ಟೊಳ್ಳು ಕತ್ತು ಸಾಧ್ಯವಾಯಿತು.

ಎರಡನೆಯದು, 1927ರಲ್ಲಿ ಬಂದ ನ್ಯಾಷನಲ್ ಕಂಪನಿಯ ಲೋಹದ ಗಿಟಾರ್. ಜಾನ್ ಡೊಪಿಯೆರಾ ಇದರೊಳಗೆ ಅಲ್ಯುಮಿನಿಯಮ್ಮಿನ ಮೂರು ತೆಳು ಶಂಕುಗಳನ್ನಿಟ್ಟರು. ತಂತಿಯ ಕಂಪನ ಕುದುರೆಯ ಮೂಲಕ ಈ ಶಂಕುಗಳಿಗೆ ತಲುಪಿದಾಗ ಅವು ಧ್ವನಿವರ್ಧಕದ ಪರದೆಯಂತೆ ಅಲುಗಿ, ಗಾಳಿಯನ್ನು ಬಲವಾಗಿ ತಳ್ಳುತ್ತವೆ. ವಿದ್ಯುತ್ತಿನ ಸಹಾಯವಿಲ್ಲದೆಯೇ ಸದ್ದು ದೊಡ್ಡದಾಗುತ್ತದೆ. ಹವಾಯಿಯ ಪ್ರಖ್ಯಾತ ವಾದಕ ಸೋಲ್ ಹೋಓಪಿಯಿ ನುಡಿಸಿದ್ದು ಇಂಥ ವಾದ್ಯವನ್ನೇ.

ಮೂರನೆಯದು, ಚರಿತ್ರೆಯನ್ನೇ ಬದಲಿಸಿದ ವಾದ್ಯ. ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ 1931ರಲ್ಲಿ ಮರದ ಮಾದರಿಯೊಂದನ್ನು ಸಿದ್ಧಪಡಿಸಿ, 1932ರಲ್ಲಿ ಎರಕದ ಅಲ್ಯುಮಿನಿಯಮ್ಮಿನ ವಾದ್ಯವನ್ನು ಮಾರುಕಟ್ಟೆಗೆ ತಂದರು. ಗುಂಡನೆಯ ಒಡಲು, ಉದ್ದನೆಯ ಕತ್ತು. ನೋಡಲು ಹಿಡಿಯಿರುವ ಬಾಣಲೆಯಂತೆ. ಆದ್ದರಿಂದ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಎಂದೇ ಅಡ್ಡಹೆಸರು ಬಿತ್ತು. ವಿದ್ಯುತ್ ಗಿಟಾರುಗಳಲ್ಲಿ ವ್ಯಾಪಾರಕ್ಕೆ ಬಂದು ಯಶಸ್ವಿಯಾದ ಮೊದಲನೆಯದು ಇದು. ಇಂದು ಜಗತ್ತಿನೆಲ್ಲೆಡೆ ಕೇಳಿಬರುವ ಎಲೆಕ್ಟ್ರಿಕ್ ಗಿಟಾರಿನ ಹಿರಿಯಣ್ಣ ತೊಡೆಯ ಮೇಲೆ ಮಲಗಿಸಿ ನುಡಿಸುವ ವಾದ್ಯ ಎಂಬುದು ಹೆಚ್ಚು ಜನರಿಗೆ ತಿಳಿಯದು.

ಇದು ಕೆಲಸ ಮಾಡುವ ಬಗೆ ನಿಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನೆನಪಿಸಿಕೊಳ್ಳಿ. ಎರಡು ಲಾಳಾಕಾರದ ಕಾಂತಗಳು ಎದುರುಬದುರಾಗಿ ತಂತಿಗಳನ್ನು ಸುತ್ತುವರಿದಿರುತ್ತವೆ. ತಂತಿಗಳ ಕೆಳಗೆ ತಾಮ್ರದ ಎಳೆಯ ಸುರುಳಿ ಇರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅದೇ ಲಯದಲ್ಲಿ ಏರಿಳಿಯುತ್ತದೆ. ಸುರುಳಿಯಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಈ ಭಾಗಕ್ಕೆ 'ಪಿಕಪ್' ಎಂದು ಹೆಸರು. ಬೋಶಾಂಗೆ ಇದರ ಪೇಟೆಂಟ್ ದೊರೆತದ್ದು 1937ರಲ್ಲಿ.

ಈ ವಾದ್ಯಕ್ಕೆ ಒಂದು ದೋಷವೂ ಇತ್ತು. ಅಲ್ಯುಮಿನಿಯಮ್ ಬಿಸಿಯಾದಾಗ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ರಂಗದ ದೀಪಗಳ ಕಾವಿಗೆ ಶ್ರುತಿ ಕದಲುತ್ತಿತ್ತು. ಅದಕ್ಕಾಗಿ 1935ರಲ್ಲಿ ಬೇಕಲೈಟಿನ ಒಡಲಿನ ಮಾದರಿ ಬಂತು. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು ಇದೇ ಬೇಕಲೈಟಿನವು. ಜೆರ್ರಿ ಬರ್ಡ್, ಡೇವಿಡ್ ಲಿಂಡ್ಲಿ ಮುಂತಾದ ಹೆಸರಾಂತ ವಾದಕರು ಮೆಚ್ಚಿ ನುಡಿಸಿದ್ದು ಈ ಮಾದರಿಯನ್ನು. ಹಣಕ್ಕೆ ಮಿತಿಯಿಲ್ಲದ ನಮ್ಮ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡೋಣ.

ಎರಡನೆಯ ವಸ್ತು: ಸರಳು ಮತ್ತು ತಂತಿ

ಕೈಗೆ ಸಿಗುವ ಯಾವ ಕಬ್ಬಿಣದ ತುಂಡಾದರೂ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಸರಳು ಹಗುರವಾಗಿದ್ದರೆ ತಂತಿಯೊಡನೆ ಅದೂ ಅಲುಗುತ್ತದೆ; ತಂತಿಯ ಶಕ್ತಿಯನ್ನು ಅದು ಕಸಿದುಕೊಂಡು ನಾದ ಬೇಗ ಆರಿಹೋಗುತ್ತದೆ. ಸುಮಾರು 200 ಗ್ರಾಂ ತೂಕದ ಉಕ್ಕಿನ ಸರಳು ಅಲುಗದೆ ನಿಲ್ಲುತ್ತದೆ. ನಾದ ದೀರ್ಘವಾಗಿ ಉಳಿಯುತ್ತದೆ. ಮೈ ಕನ್ನಡಿಯಂತೆ ನುಣುಪಾಗಿರಬೇಕು. ಒಂದು ಸಣ್ಣ ಗೀರಿದ್ದರೂ ಜಾರಿಸುವಾಗ ಕರಕರ ಸದ್ದು ಬರುತ್ತದೆ. ಇಡೀ ಪಟ್ಟಿಯಲ್ಲಿ ತೀರ ಅಗ್ಗದ ವಸ್ತುಗಳಲ್ಲಿ ಒಂದು ಈ ಸರಳು. ಆದರೂ ಇದು ಕೆಟ್ಟದಾಗಿದ್ದರೆ ಉಳಿದದ್ದೆಲ್ಲ ವ್ಯರ್ಥ.

ತಂತಿಗಳ ವಿಷಯದಲ್ಲಿ ಒಂದು ಎಚ್ಚರ. ಪಿಕಪ್ ಇರುವ ವಾದ್ಯಕ್ಕೆ ಕಾಂತಕ್ಕೆ ಸ್ಪಂದಿಸುವ ಉಕ್ಕು ಅಥವಾ ನಿಕಲ್ ತಂತಿ ಬೇಕು. ಮರದ ಗಿಟಾರಿಗೆ ಹಾಕುವ ಕಂಚು ಸುತ್ತಿದ ತಂತಿ ಇಲ್ಲಿ ಸಪ್ಪೆಯಾಗಿ ಕೇಳುತ್ತದೆ.

ಮೂರನೆಯ ವಸ್ತು: ಆಂಪ್ಲಿಫೈಯರ್

1930ರ ದಶಕದಲ್ಲಿ ಗಿಬ್ಸನ್ ಕಂಪನಿ 'ಇಎಚ್-150' ಎಂಬ ಲ್ಯಾಪ್ ಸ್ಟೀಲನ್ನು ಆಂಪ್ಲಿಫೈಯರ್ ಜೊತೆಗೂಡಿಸಿ ಮಾರುತ್ತಿತ್ತು. 1945ರಲ್ಲಿ ಲಿಯೋ ಫೆಂಡರ್ ತನ್ನ ಜೊತೆಗಾರ ಡಾಕ್ ಕೌಫ್‌ಮನ್‌ನೊಂದಿಗೆ ಆರಂಭಿಸಿದ್ದೂ ಲ್ಯಾಪ್ ಸ್ಟೀಲ್ ಮತ್ತು ಆಂಪ್ಲಿಫೈಯರುಗಳ ತಯಾರಿಕೆಯನ್ನೇ. ಹೀಗೆ ಜೋಡಿಯಾಗಿ ಮಾರಿದ್ದಕ್ಕೆ ಕಾರಣವಿದೆ. ವಿದ್ಯುತ್ ವಾದ್ಯದಲ್ಲಿ ನಾವು ಕೇಳುವ ನಾದದ ಅರ್ಧ ಪಾಲು ಆಂಪ್ಲಿಫೈಯರಿನದು. ವಾಲ್ವ್ ಇರುವ ಹಳೆಯ ಬಗೆಯ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ಅಲೆಯ ತುದಿಗಳು ಮೆಲ್ಲಗೆ ಚಪ್ಪಟೆಯಾಗಿ, ಮೂಲ ಸ್ವರದೊಡನೆ ಹೊಸ ಉಪಸ್ವರಗಳು ಸೇರುತ್ತವೆ. ಇದರಿಂದಲೇ ನಾದಕ್ಕೆ ಒಂದು ಕಾವು ಬರುತ್ತದೆ.

ಬೆಲೆಯ ದೃಷ್ಟಿಯಿಂದ ಕನಸಿನ ಶಿಖರವೆಂದರೆ ಡಂಬಲ್ ಆಂಪ್ಲಿಫೈಯರ್. ಅಲೆಕ್ಸಾಂಡರ್ ಡಂಬಲ್ ಇವನ್ನು ಬಹಳ ಕಡಿಮೆ ಸಂಖ್ಯೆಯಲ್ಲಿ, ವಾದಕನಿಗೆ ತಕ್ಕಂತೆ ತಯಾರಿಸಿದರು. ಅವರು 2022ರಲ್ಲಿ ತೀರಿಕೊಂಡರು. ಈಗ ಒಂದೊಂದು ಲಕ್ಷ ಡಾಲರಿಗೂ ಮೇಲ್ಪಟ್ಟು ಮಾರಾಟವಾದದ್ದುಂಟು. ಇನ್ನೊಂದು ಮಾತು: ಅಮೆರಿಕದ ಹಳೆಯ ಯಂತ್ರಗಳು ಸುಮಾರು 110 ವೋಲ್ಟಿಗೆ ಹೊಂದಿಸಿದವು, ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತವೆ. ವಾಲ್ವ್ ಆಂಪ್ಲಿಫೈಯರನ್ನು ನೀವಾಗಿ ಎಂದೂ ಬಿಚ್ಚಬೇಡಿ. ಆರಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ ಉಳಿದಿರಬಹುದು.

ಇದರ ಜೊತೆಗೆ ಕಾಲಿನಿಂದ ಒತ್ತುವ ವಾಲ್ಯೂಮ್ ಪೆಡಲ್ ಬೇಕು. ಮೀಟಿದ ಕ್ಷಣದಲ್ಲಿ ಸದ್ದನ್ನು ತಗ್ಗಿಸಿ, ಆಮೇಲೆ ಏರಿಸಿದರೆ ಮೀಟಿನ ಟಕ್ ಎಂಬ ಶಬ್ದ ಅಡಗಿ, ಸ್ವರ ಕೊರಳಿನಿಂದ ಬಂದಂತೆ ಕೇಳುತ್ತದೆ.

ನಮ್ಮ ನಾಡಿನ ಪಟ್ಟಿ

ಇಷ್ಟೂ ಅಮೆರಿಕದ ಮಾತಾಯಿತು. ಈ ವಾದ್ಯ ಭಾರತಕ್ಕೆ ಬಂದ ಮೇಲೆ ಇನ್ನೊಂದು ರೂಪ ತಾಳಿತು. ಹವಾಯಿಯ ತಾವು ಮೋ ಮತ್ತು ಅವರ ಕುಟುಂಬ 1940ರ ದಶಕದಲ್ಲಿ ಕೊಲ್ಕತ್ತಾದಲ್ಲಿದ್ದು ನುಡಿಸಿದರು, ಕಲಿಸಿದರು. ಬಂಗಾಳದ ಮನೆಮನೆಗಳಲ್ಲಿ ಹವಾಯಿಯನ್ ಗಿಟಾರ್ ನೆಲೆಯೂರಿತು. ಸುನಿಲ್ ಗಂಗೂಲಿಯವರು ಇದರಲ್ಲಿ ನುಡಿಸಿದ ಸಿನಿಮಾ ಹಾಡುಗಳ ಧ್ವನಿಮುದ್ರಿಕೆಗಳು ಬಹು ಜನಪ್ರಿಯವಾದವು.

ರಾಗಸಂಗೀತಕ್ಕೆ ಈ ವಾದ್ಯವನ್ನು ಒಗ್ಗಿಸಿದವರಲ್ಲಿ ಮೊದಲಿಗರು ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಶಿಷ್ಯ ಬ್ರಿಜ್ ಭೂಷಣ್ ಕಾಬ್ರಾ. ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಡನೆ ನುಡಿಸಿದ 1967ರ 'ಕಾಲ್ ಆಫ್ ದ ವ್ಯಾಲಿ' ಇಂದಿಗೂ ಕೇಳುಗರ ಮೆಚ್ಚಿನದು. ವಿಶ್ವಮೋಹನ ಭಟ್ಟರು ಗಿಟಾರಿಗೆ ಶ್ರುತಿಯ ತಂತಿ, ಅನುರಣನದ ತಂತಿಗಳನ್ನು ಸೇರಿಸಿ ಸುಮಾರು 20 ತಂತಿಗಳ ಮೋಹನ ವೀಣೆಯನ್ನು ರೂಪಿಸಿದರು. ರೈ ಕೂಡರ್ ಜೊತೆ ಅವರು ನುಡಿಸಿದ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಕೊಲ್ಕತ್ತಾದ ದೇಬಾಶಿಶ್ ಭಟ್ಟಾಚಾರ್ಯ 'ಚತುರಂಗಿ' ಎಂಬ ವಾದ್ಯವನ್ನು ತಾವೇ ವಿನ್ಯಾಸಗೊಳಿಸಿದ್ದಾರೆ. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಕೂಡ ಸ್ಲೈಡ್ ಗಿಟಾರಿನಲ್ಲಿ ಹಿಂದೂಸ್ತಾನಿ ಸಂಗೀತ ನುಡಿಸಿ ಹೆಸರಾದವರು. ಗಮನಿಸಿ, ಭಟ್ಟರಾಗಲಿ ಭಟ್ಟಾಚಾರ್ಯರಾಗಲಿ ಅಂಗಡಿಯಲ್ಲಿ ಸಿದ್ಧವಾಗಿದ್ದುದಕ್ಕೆ ತೃಪ್ತರಾಗಲಿಲ್ಲ. ತಮ್ಮ ಸಂಗೀತಕ್ಕೆ ಬೇಕಾದದ್ದನ್ನು ಮೊದಲು ತಿಳಿದುಕೊಂಡು, ಆಮೇಲೆ ವಾದ್ಯವನ್ನು ಮಾಡಿಸಿಕೊಂಡರು.

ಹಣ ಕೊಡಲಾಗದ ವಸ್ತು

ಈಗ ನಮ್ಮ ಪಟ್ಟಿಯಲ್ಲಿ ಬೇಕಲೈಟ್ ರಿಕನ್‌ಬ್ಯಾಕರ್, ಒಳ್ಳೆಯ ಸರಳು, ಡಂಬಲ್, ಪೆಡಲ್ ಎಲ್ಲ ಇವೆ. ಒಂದು ಸಣ್ಣ ಲೆಕ್ಕ ಮಾಡೋಣ.

ಲ್ಯಾಪ್ ಸ್ಟೀಲಿನಲ್ಲಿ ತಂತಿಯ ಕಂಪಿಸುವ ಉದ್ದ ಸಾಮಾನ್ಯವಾಗಿ ಇಪ್ಪತ್ತೆರಡೂವರೆ ಅಂಗುಲ, ಅಂದರೆ ಸುಮಾರು 57 ಸೆಂಟಿಮೀಟರ್. ಆವೃತ್ತಿ ಈ ಉದ್ದಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟು. ಮೇಲಿನ ಷಡ್ಜ ಸಿಗುತ್ತದೆ. ಬಿಡಿ ತಂತಿಯಿಂದ ಮೊದಲ ಅರ್ಧಸ್ವರಕ್ಕೆ ಸರಳು 3.2 ಸೆಂಟಿಮೀಟರ್ ಸರಿಯಬೇಕು. ಮಧ್ಯಭಾಗದಲ್ಲಿ, ಮೇಲಿನ ಷಡ್ಜದಿಂದ ಮುಂದಿನ ಅರ್ಧಸ್ವರಕ್ಕೆ 1.6 ಸೆಂಟಿಮೀಟರ್ ಸಾಕು. ಅಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಅಪಸ್ವರ. ಅದು ಎಂಥವರ ಕಿವಿಗೂ ಗೊತ್ತಾಗುತ್ತದೆ.

ಸಾಮಾನ್ಯ ಗಿಟಾರಿನಲ್ಲಿ ಬೆರಳು ಸ್ವಲ್ಪ ಆಚೀಚೆಯಾದರೂ ಮೆಟ್ಟಿಲು ಸರಿಯಾದ ಸ್ವರ ಕೊಡುತ್ತದೆ. ಇಲ್ಲಿ ಆ ಕಾವಲುಗಾರನಿಲ್ಲ. ಲಕ್ಷ ಡಾಲರಿನ ಆಂಪ್ಲಿಫೈಯರ್ ಅಪಸ್ವರವನ್ನು ಸರಿಪಡಿಸುವುದಿಲ್ಲ. ಅದನ್ನೇ ಇನ್ನಷ್ಟು ದೊಡ್ಡದಾಗಿ ಕೇಳಿಸುತ್ತದೆ. ಸ್ವರಸ್ಥಾನ ಕಿವಿಯಿಂದ ಎಡಗೈಗೆ ಇಳಿಯಬೇಕು. ಅದಕ್ಕೆ ಬೇಕಾದದ್ದು ದಿನದಿನದ ಸಾಧನೆ.

ಇಂದೇ ಆರಂಭಿಸುವ ಬಗೆ

ಆದ್ದರಿಂದ ಕನಸಿನ ವಾದ್ಯ ಬರುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲೋ ಕಾಲೇಜಿನಲ್ಲೋ ಉಕ್ಕಿನ ತಂತಿಯ ಹಳೆಯ ಗಿಟಾರಿದ್ದರೆ ಸಾಕು. ತಂತಿಗಳನ್ನು ಎತ್ತರಿಸಲು, ತಲೆಯ ಕಡೆಯ ನಟ್ ಮೇಲೆ ಕೂರಿಸುವ ಲೋಹದ ಸಣ್ಣ ಪಟ್ಟಿ ಸಂಗೀತ ವಾದ್ಯಗಳ ಅಂಗಡಿಯಲ್ಲಿ ದೊರೆಯುತ್ತದೆ. ಒಂದು ಸರಳನ್ನೂ ತನ್ನಿ. ಬಿರಡೆ ತಿರುಗಿಸಿ, ದಪ್ಪ ತಂತಿಯಿಂದ ಆರಂಭಿಸಿ ಕ್ರಮವಾಗಿ ಪ, ಸ, ಪ, ಸ, ಗ, ಪ ಬರುವಂತೆ ಶ್ರುತಿ ಮಾಡಿ. ಗಾಂಧಾರ ಶಂಕರಾಭರಣದ್ದಿರಲಿ. ಇದಕ್ಕೆ ಒಂದನೆಯ, ಐದನೆಯ ಮತ್ತು ಆರನೆಯ ತಂತಿಗಳನ್ನು ಒಂದೊಂದು ಪೂರ್ಣಸ್ವರ ಇಳಿಸಿದರೆ ಸಾಕು; ಬಿಗಿ ಹೆಚ್ಚದ ಕಾರಣ ಗಿಟಾರಿನ ಕತ್ತಿಗೆ ಅಪಾಯವಿಲ್ಲ.

ಸರಳನ್ನು ಮೆಟ್ಟಿಲುಗಳ ನಡುವೆ ಇಡದೆ, ಮೆಟ್ಟಿಲಿನ ಗೆರೆಯ ನೇರ ಮೇಲೆ ಇಡಿ. ಮೇಲಿನಿಂದ ನೇರವಾಗಿ ನೋಡಿ. ಓರೆಯಾಗಿ ನೋಡಿದರೆ ಗೆರೆ ಸರಿದಂತೆ ಕಾಣುತ್ತದೆ. ಸರಳಿನ ಹಿಂದಿನ ಬೆರಳುಗಳು ತಂತಿಯನ್ನು ಹಗುರವಾಗಿ ಮುಟ್ಟಿರಲಿ. ಆಗ ಹಿಂಭಾಗದ ಬೇಡದ ಕಂಪನ ನಿಲ್ಲುತ್ತದೆ. ಶ್ರುತಿಪೆಟ್ಟಿಗೆ ಹಚ್ಚಿ, ಒಂದು ತಂತಿಯ ಮೇಲೆ ಸ-ರಿ-ಗ ಮೂರೇ ಸ್ವರಗಳನ್ನು ನಿಧಾನವಾಗಿ ನುಡಿಸಿ. ಮೊದಲು ಗೆರೆ ನೋಡಿ, ಆಮೇಲೆ ಕಣ್ಣು ಮುಚ್ಚಿ.

ಕಣ್ಣು ಮುಚ್ಚಿದಾಗಲೂ ಗಾಂಧಾರ ಸರಿಯಾಗಿ ನಿಂತ ದಿನ ನೋಟ್‌ಪುಸ್ತಕದ ಆ ಪಟ್ಟಿಯನ್ನು ಮತ್ತೆ ತೆಗೆಯಿರಿ. ಯಾವ ವಸ್ತು ನಿಜವಾಗಿ ಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂದು ಆಗ ನೀವೇ ಗುರುತು ಹಾಕಬಲ್ಲಿರಿ.