ಜನಪದ ಗೀತೆ: ಪಠ್ಯ ಮತ್ತು ಧಾಟಿ

ಜನಪದ ಗೀತೆಯ ಬೋಧನೆಯು ಪದಗಳ ಅರ್ಥವಿವರಣೆಯಿಂದ ಪೂರ್ಣವಾಗುವುದಿಲ್ಲ. ಹಾಡುವವರು ಯಾರು, ಸಂದರ್ಭ ಯಾವುದು, ಧಾಟಿ ಎಂತಹುದು ಎಂಬುವೂ ಗೀತೆಯ ಅಂಗಗಳೇ. ಪುಸ್ತಕದಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿಯು, ಬೀಸುವಾಗ ಹಾಡಿದಾಗ ಎರಡನೆಯ ಸಾಲು ಮರುಕಳಿಸಿ ನಾಲ್ಕು ಸಾಲಾಗಿ ಕೇಳುತ್ತದೆ. ಮುದ್ರಿತ ಪಠ್ಯವೊಂದನ್ನೇ ಓದಿದ ವಿದ್ಯಾರ್ಥಿಗೆ ಇದು ತಿಳಿಯದು.

ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರಗಳ ನೆರೆಯ ಗಡಿಸೀಮೆಯಿಂದ ಮೂರು ಧಾಟಿಗಳನ್ನು ನಿದರ್ಶನವಾಗಿ ನೋಡಬಹುದು.

ಸೋಬಾನೆ: ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ಒಬ್ಬರು ಹೇಳಿಕೊಟ್ಟ ಸೊಲ್ಲನ್ನು ಉಳಿದ ಹೆಂಗಸರು ಎತ್ತಿಕೊಳ್ಳುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ಕಂಠಸ್ಥವಾಗಿ ಉಳಿಸಿಕೊಂಡಿದ್ದರು.

ಗಣೆಯ ಪದ: ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಗಣೆಯೆಂಬ ಉದ್ದನೆಯ ಬಿದಿರ ಕೊಳಲಿನ ದನಿಯೊಡನೆ ಹಾಡುತ್ತಾರೆ.

ತತ್ತ್ವಪದ: ಏಕತಾರಿ, ತಾಳಗಳೊಡನೆ ಹಾಡುವ ಭಜನೆಯ ಧಾಟಿಯಿದು. ಕೈವಾರದ ನಾರೇಯಣ ಯೋಗಿಗಳು ಕನ್ನಡ, ತೆಲುಗು ಎರಡರಲ್ಲೂ ಪದಗಳನ್ನು ರಚಿಸಿದ್ದಾರೆ. ದ್ವಿಭಾಷಿಕ ಪರಿಸರದ ಮಕ್ಕಳಿಗೆ ಇವು ಸುಲಭವಾಗಿ ಒಗ್ಗುತ್ತವೆ.

ಕೇಳಿಯೇ ಕಲಿಯುವ ಈ ಕ್ರಮ ಅನ್ಯ ದೇಶಗಳಲ್ಲಿಯೂ ಉಂಟು. ಐರ್ಲೆಂಡಿನಲ್ಲಿ ‘ಹಳೆಯ ರೀತಿ’ ಎಂಬರ್ಥದ ಶಾನ್ ನೋಸ್ ಗಾಯನವನ್ನು ಐರಿಷ್ ಭಾಷೆಯಲ್ಲಿ, ಸಾಮಾನ್ಯವಾಗಿ ವಾದ್ಯವಿಲ್ಲದೆ, ಒಬ್ಬರೇ ಹಾಡುತ್ತಾರೆ; ಹಿರಿಯರಿಂದ ಕಿರಿಯರು ಕೇಳಿ ಕಲಿಯುತ್ತಾರೆ.

ಚಟುವಟಿಕೆ: ಮನೆಯ ಹಿರಿಯರಿಂದ ಒಂದೊಂದು ಪದವನ್ನು ಕೇಳಿಬರಲು ಮಕ್ಕಳಿಗೆ ತಿಳಿಸುವುದು. ಎತ್ತಿಕೊಡುವವರು, ಸೊಲ್ಲು ಸೇರಿಸುವವರು, ಹಾಡುವ ಸಂದರ್ಭ, ಮರುಕಳಿಸುವ ಸಾಲು ಇವನ್ನು ಗುರುತುಹಾಕಿಸುವುದು. ಮೊದಲು ತರಗತಿಯಲ್ಲಿ ಹಾಡಿಸಿ, ಅನಂತರವೇ ಪಠ್ಯವನ್ನು ಬರೆಯಿಸುವುದು. ಹಾಡುವ ಹಿರಿಯರು ವಿರಳವಾಗುತ್ತಿರುವುದರಿಂದ ಈ ಕಾರ್ಯವನ್ನು ಶಾಲಾ ವರ್ಷದ ಆರಂಭದಲ್ಲಿಯೇ ಕೈಗೊಳ್ಳುವುದು ಉಚಿತ.