ಇಂಗ್ಲಿಷಿನಲ್ಲಿ ‘ಇಲ್ಲ’ ಎನ್ನುವ ಬಗೆ

ಮಾತಿನ ವ್ಯವಹಾರದಲ್ಲಿ ‘ಹೌದು’ ಎಂಬುದಕ್ಕೆ ಎಷ್ಟು ಬೆಲೆಯಿದೆಯೋ ‘ಇಲ್ಲ’ ಎಂಬುದಕ್ಕೂ ಅಷ್ಟೇ ಬೆಲೆಯಿದೆ. ತಾಯ್ನುಡಿಯಲ್ಲಿ ಈ ಎರಡನ್ನೂ ನಾವು ತೊಟ್ಟಿಲ ದಿನಗಳಿಂದಲೇ ಕಲಿತಿರುತ್ತೇವೆ. ಆದರೆ ಇಂದು ನಮ್ಮ ಮನೆಗಳ ಮಕ್ಕಳು ಇಂಗ್ಲಿಷಿನಲ್ಲಿ ಸಂದರ್ಶನಗಳನ್ನು ಎದುರಿಸುತ್ತಾರೆ. ಹಿರಿಯರು ಮಕ್ಕಳು ಮೊಮ್ಮಕ್ಕಳನ್ನು ಕಾಣಲು ಹೊರದೇಶಗಳಿಗೆ ಹೋಗಿ, ಅಲ್ಲಿನ ವೈದ್ಯರೊಡನೆ, ಅಧಿಕಾರಿಗಳೊಡನೆ ಮಾತನಾಡಬೇಕಾಗುತ್ತದೆ. ಅಂಥಲ್ಲಿ ಶಬ್ದಭಂಡಾರದ ಕೊರತೆಗಿಂತಲೂ ‘ಎಸ್’ ಮತ್ತು ‘ನೋ’ಗಳ ಅದಲುಬದಲೇ ಹೆಚ್ಚು ತೊಂದರೆಯನ್ನುಂಟುಮಾಡುತ್ತದೆ.

ವೈದ್ಯರು, ‘ಆರ್ ಯು ನಾಟ್ ಟೇಕಿಂಗ್ ದ ಟ್ಯಾಬ್ಲೆಟ್ಸ್?’ ಎಂದು ಕೇಳಿದರೆನ್ನೋಣ. ಮಾತ್ರೆ ನಿಲ್ಲಿಸಿರುವ ಅಜ್ಜಿ ಕನ್ನಡದ ರೂಢಿಯಂತೆ ‘ಹೌದು, ತೆಗೆದುಕೊಳ್ಳುತ್ತಿಲ್ಲ’ ಎಂಬ ಅರ್ಥದಲ್ಲಿ ‘ಎಸ್’ ಎನ್ನುತ್ತಾರೆ. ವೈದ್ಯರಿಗೆ ಅದು ‘ತೆಗೆದುಕೊಳ್ಳುತ್ತಿದ್ದೇನೆ’ ಎಂದು ಕೇಳಿಸುತ್ತದೆ. ಮಾತ್ರೆ ತೆಗೆದುಕೊಂಡರೂ ಗುಣವಾಗಿಲ್ಲವೆಂದು ತಿಳಿದು ಅವರು ಪ್ರಮಾಣವನ್ನು ಹೆಚ್ಚಿಸಲೂಬಹುದು. ಕನ್ನಡದಲ್ಲಿ ನಾವು ಕೇಳಿದವರ ಮಾತನ್ನು ಒಪ್ಪುತ್ತೇವೆ ಅಥವಾ ಅಲ್ಲಗಳೆಯುತ್ತೇವೆ. ಇಂಗ್ಲಿಷಿನವರಾದರೋ ಸಂಗತಿಯನ್ನು ಮಾತ್ರ ನೋಡುತ್ತಾರೆ. ಪ್ರಶ್ನೆ ಯಾವ ರೂಪದಲ್ಲಿಯೇ ಇರಲಿ, ಕೆಲಸ ನಡೆದಿದ್ದರೆ ‘ಎಸ್’, ನಡೆದಿಲ್ಲವಾದರೆ ‘ನೋ’. ‘ನೋ, ಐ ಆಮ್ ನಾಟ್’ ಎಂದು ಪೂರ್ಣ ವಾಕ್ಯದಲ್ಲಿ ಉತ್ತರಿಸಿದರೆ ಸಂಶಯಕ್ಕೆ ಎಡೆಯೇ ಇರುವುದಿಲ್ಲ.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಹಿಂದೆ ಇಂಗ್ಲಿಷಿನಲ್ಲಿಯೇ ನಾಲ್ಕು ಉತ್ತರಗಳಿದ್ದವು. ಸಾಮಾನ್ಯ ಪ್ರಶ್ನೆಗೆ ‘ಯೇ’ ಅಥವಾ ‘ನೇ’. ‘ಇಲ್ಲವೇ’ ಎಂಬ ಪ್ರಶ್ನೆಗೆ ‘ಎಸ್’ ಅಥವಾ ‘ನೋ’. 16ನೆಯ ಶತಮಾನದಲ್ಲಿ ಸರ್ ಥಾಮಸ್ ಮೋರ್ ಅವರು, ಬೈಬಲನ್ನು ಅನುವಾದಿಸಿದ ವಿಲಿಯಂ ಟಿಂಡೇಲ್ ಈ ಭೇದವನ್ನು ಪಾಲಿಸಲಿಲ್ಲವೆಂದು ಆಕ್ಷೇಪಿಸಿದ್ದರು. ಕಾಲಕ್ರಮದಲ್ಲಿ ಆ ಭೇದ ಅಳಿದು ಎರಡೇ ಮಾತುಗಳು ಉಳಿದವು.

ಇನ್ನು ವಾಕ್ಯರಚನೆಗೆ ಬರೋಣ. ಕನ್ನಡದಲ್ಲಿ ನಿಷೇಧ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ: ‘ಅವನು ಬರಲಿಲ್ಲ’. ಇಂಗ್ಲಿಷಿನಲ್ಲಿ ಅದು ಕ್ರಿಯಾಪದಕ್ಕಿಂತ ಮೊದಲೇ ನಿಲ್ಲುತ್ತದೆ, ಜೊತೆಗೆ ‘ಡು’ ಎಂಬ ಸಹಾಯಕನನ್ನೂ ಕರೆತರುತ್ತದೆ: ‘ಹಿ ಡಿಡ್ ನಾಟ್ ಕಮ್’. ಭೂತಕಾಲದ ಹೊರೆಯನ್ನು ‘ಡಿಡ್’ ಹೊತ್ತಿರುವುದರಿಂದ ಮುಂದಿನ ಕ್ರಿಯಾಪದ ಮೂಲರೂಪದಲ್ಲಿಯೇ ಇರಬೇಕು; ‘ಡಿಡ್ ನಾಟ್ ಕೇಮ್’ ಎಂದರೆ ಒಂದೇ ಹೊರೆಯನ್ನು ಇಬ್ಬರ ತಲೆಯ ಮೇಲಿಟ್ಟಂತೆ. ಈ ‘ಡು’ ಮೊದಲಿನಿಂದ ಇದ್ದುದಲ್ಲ. ಡೆನ್ಮಾರ್ಕಿನ ಭಾಷಾವಿದ್ವಾಂಸ ಆಟೊ ಯೆಸ್ಪರ್ಸನ್ 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಬೆಳವಣಿಗೆಯನ್ನು ತೋರಿಸಿದ್ದಾರೆ. ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ‘ನೆ’ ಎಂಬ ಪುಟ್ಟ ಶಬ್ದವಿತ್ತು. ಅದು ದುರ್ಬಲವಾದಾಗ ಒತ್ತಿಗಾಗಿ ‘ಏನೂ ಇಲ್ಲ’ ಎಂಬರ್ಥದ ಶಬ್ದವೊಂದು ಕ್ರಿಯಾಪದದ ಹಿಂದೆ ಸೇರಿತು. ಅದೇ ಸವೆದು ‘ನಾಟ್’ ಆಯಿತು, ‘ನೆ’ ಮರೆಯಾಯಿತು. ಶೇಕ್ಸ್‌ಪಿಯರನ ಕಾಲದಲ್ಲಿ ‘ಐ ಗೋ ನಾಟ್’ ಎಂಬ ರೂಪವೂ ‘ಐ ಡು ನಾಟ್ ಗೋ’ ಎಂಬ ರೂಪವೂ ಜೊತೆಯಾಗಿ ನಡೆಯುತ್ತಿದ್ದು, ಮುಂದೆ ಎರಡನೆಯದೇ ನಿಂತಿತು.

ಮತ್ತೊಂದು ಎಡರು ‘ಯಾರೂ’, ‘ಏನೂ’ ಎಂಬ ಶಬ್ದಗಳದು. ‘ಯಾರೂ ಬರಲಿಲ್ಲ’ ಎನ್ನುವಾಗ ನಿಷೇಧವಿರುವುದು ‘ಇಲ್ಲ’ದಲ್ಲಿ. ಇಂಗ್ಲಿಷಿನ ‘ನೋಬಡಿ’ಯಲ್ಲಾದರೋ ನಿಷೇಧ ಅಡಕವಾಗಿಯೇ ಇದೆ. ಆದ್ದರಿಂದ ‘ನೋಬಡಿ ಕೇಮ್’ ಎಂದರೆ ಸಾಕು. ‘ನೋಬಡಿ ಡಿಡ್ ನಾಟ್ ಕಮ್’ ಎಂದರೆ ಬಾರದವರು ಯಾರೂ ಇಲ್ಲ, ಎಲ್ಲರೂ ಬಂದರು ಎಂದಾಗುತ್ತದೆ. ಚಾಸರ್ ಕವಿಯ ಕಾಲದಲ್ಲಿ ಎರಡು ಮೂರು ನಿಷೇಧಗಳನ್ನು ಒಂದೇ ವಾಕ್ಯದಲ್ಲಿ ಹೇರುವುದು ತಪ್ಪೆನಿಸಿರಲಿಲ್ಲ. ಎರಡು ನಿಷೇಧಗಳು ಒಂದನ್ನೊಂದು ಅಳಿಸುತ್ತವೆಂಬ ನಿಯಮವನ್ನು ರಾಬರ್ಟ್ ಲೌತ್ ಎಂಬ ಧರ್ಮಗುರುಗಳು ತಮ್ಮ ವ್ಯಾಕರಣದಲ್ಲಿ ಸೇರಿಸಿದರು. ಆಡುಮಾತಿನಲ್ಲಿ ಹಳೆಯ ರೂಢಿ ಇಂದಿಗೂ ಉಳಿದಿದ್ದರೂ ಶಿಷ್ಟ ಬರವಣಿಗೆಗೆ ಅದು ಸಲ್ಲದು.

ಗೃಹಿಣಿಯರು ವಿಶೇಷವಾಗಿ ಗಮನಿಸಬೇಕಾದ ಜೋಡಿಯೊಂದಿದೆ. ‘ಮಸ್ಟ್ ನಾಟ್’ ಎಂದರೆ ‘ಮಾಡಬಾರದು’. ‘ನೀಡ್ ನಾಟ್’ ಎಂದರೆ ‘ಮಾಡಬೇಕಾಗಿಲ್ಲ’. ಮೊದಲನೆಯದು ಕಟ್ಟುನಿಟ್ಟಿನ ತಡೆ, ಎರಡನೆಯದು ಕೇವಲ ವಿನಾಯಿತಿ. ಔಷಧದ ಸೂಚನೆಯನ್ನು ಓದುವಾಗ ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಅಪಾಯ ತಪ್ಪಿದ್ದಲ್ಲ.

ನಿಷೇಧ ರೂಪದಲ್ಲಿಯೂ ಸೌಜನ್ಯವಿರುತ್ತದೆ. ನಾವು ಅತಿಥಿಗಳಿಗೆ ‘ಕುಳಿತುಕೊಳ್ಳಬಾರದೇ?’ ಎನ್ನುವಂತೆ ಅವರು ‘ವೈ ಡೋಂಟ್ ಯು ಸಿಟ್ ಡೌನ್?’ ಎನ್ನುತ್ತಾರೆ. ಅದು ಗದರಿಕೆಯಲ್ಲ, ಉಪಚಾರ. ರೈಲಿನಲ್ಲಿ ಯಾರಾದರೂ ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದರೆ, ‘ನಾನು ಇಲ್ಲಿ ಕುಳಿತರೆ ತಮಗೆ ಬೇಸರವೇ?’ ಎಂದರ್ಥ. ಜಾಗ ಕೊಡುವ ಮನಸ್ಸಿದ್ದವರು ಅಲ್ಲಿ ‘ನೋ’ ಎನ್ನಬೇಕು. ನಮ್ಮ ‘ಅಲ್ಲವೇ’ ಎಲ್ಲ ವಾಕ್ಯಗಳಿಗೂ ಒಪ್ಪುತ್ತದೆ. ಅವರ ‘ಇಸಂಟ್ ಇಟ್’ ಹಾಗಲ್ಲ. ‘ಶಿ ಸಿಂಗ್ಸ್’ ಎಂಬುದಕ್ಕೆ ‘ಡಸಂಟ್ ಶಿ’ ಎಂಬುದೇ ಜೊತೆ.

ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ದಿನಕ್ಕೊಂದು ಹತ್ತು ನಿಮಿಷ ತಂದೆತಾಯಿಗಳು ಮಕ್ಕಳಿಗೆ ‘ಇಲ್ಲವೇ’ ಎಂಬ ಬಗೆಯ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿ, ಪೂರ್ಣ ವಾಕ್ಯದಲ್ಲಿ ಉತ್ತರ ಪಡೆಯಲಿ. ಪ್ರವಾಸಕ್ಕೆ ಹೊರಟ ಅಜ್ಜ ಅಜ್ಜಿಯರೂ ಆ ಆಟದಲ್ಲಿ ಸೇರಿಕೊಳ್ಳಲಿ. ಪರಭಾಷೆಯಲ್ಲಿ ಒಲ್ಲೆನೆನ್ನಬೇಕಾದೆಡೆ ತಡವರಿಸದೆ ಒಲ್ಲೆನೆನ್ನಬಲ್ಲವರನ್ನು ಯಾರೂ ಸುಲಭವಾಗಿ ತಪ್ಪು ತಿಳಿಯಲಾರರು.